ಹಾಡುತ್ತಾರೆ, ನನ್ನ ಹತ್ತಿರ ಮಾತ್ರ ಮಾತಿಲ್ಲ

(ಹೆಸರನ್ನು ಬಿಟ್ಟು ಗಂಡನನ್ನು ಅಣ್ಣ, ಹೆಂಡತಿಯನ್ನು ಅಕ್ಕ ಎಂದಿದ್ದೇನೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ಭೇಟಿಯಲ್ಲಿ ಮಾತನಾಡಿದ್ದೆಲ್ಲ ಹೆಂಡತಿಯೇ. ಗಂಡ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿದ್ದರು. ಉಡುಪಿ–ಮಂಗಳೂರು ಖಾಸಗಿ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವರು. ಐದು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಮಾತು ನಿಂತಿತ್ತು.

"ಶನಿವಾರದ ಭಜನೆಯಲ್ಲಿ ಪೂರ್ತಿ ಹಾಡುತ್ತಾರೆ ಮೇಡಂ. ಮನೆಗೆ ಬಂದು ಊಟ ಬಡಿಸಲೇ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ನನ್ನ ಮೇಲೆ ಏನೋ ಸಿಟ್ಟಿದೆ" ಎಂದು ಅಕ್ಕ ಅತ್ತರು. ಪಾರ್ಶ್ವವಾಯುವಿಗಿಂತ ಈ ಸಂಶಯವೇ ಅವರನ್ನು ಹೆಚ್ಚು ಹಣ್ಣು ಮಾಡಿತ್ತು.

ನಾನು ಅಣ್ಣನ ಕಡೆಗೆ ತಿರುಗಿ, "ಕಟಪಾಡಿ, ಕಾಪು, ಉಚ್ಚಿಲ..." ಎಂದು ಕಂಡಕ್ಟರರು ಕೂಗುವ ಧಾಟಿಯಲ್ಲೇ ಶುರುಮಾಡಿದೆ. ಅವರ ತಲೆ ಎದ್ದಿತು. "ಪಡುಬಿದ್ರಿ, ಹೆಜಮಾಡಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್!" ಒಂದೇ ಎಳೆತದಲ್ಲಿ ಬಂತು. "ಹಾಗಾದರೆ ಮೂಲ್ಕಿ ಆದ ಮೇಲೆ ಯಾವ ಊರು?" ಎಂದು ಕೇಳಿದೆ. ತುಟಿ ಅಲುಗಿತು, ಕುತ್ತಿಗೆಯ ನರ ಬಿಗಿಯಿತು, ಪದ ಬರಲಿಲ್ಲ. ಕಷ್ಟ ಕೊಟ್ಟದ್ದಕ್ಕೆ ಅವರ ಕ್ಷಮೆ ಕೇಳಿದೆ. ಅಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು.

ಇದು ಬ್ರೋಕಾ ಬಗೆಯ ಅಫೇಸಿಯಾ, ಅಂದರೆ ಮಿದುಳಿನ ಪೆಟ್ಟಿನಿಂದ ಭಾಷೆಗೆ ಬರುವ ತೊಡಕು. ಮಿದುಳಿನ ಎಡಭಾಗದಲ್ಲಿ ಮಾತು ಕಟ್ಟುವ ಜಾಗಕ್ಕೆ ಪೆಟ್ಟಾಗಿದೆ. ಬುದ್ಧಿ ಹಾಗೆಯೇ ಇದೆ, ಕೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ. ಬಾಯಿಪಾಠವಾದ ಹಾಡು, ಊರುಗಳ ಸಾಲು ಬೇರೆ ದಾರಿಯಲ್ಲಿ ಹರಿದುಬರುತ್ತವೆ. ಸ್ವೀಡನ್ನಿನ ಲೇಖಕ ಒಲೋಫ್ ಡಾಲಿನ್ 1745ರಲ್ಲೇ ಇಂಥ ರೋಗಿಯ ಬಗ್ಗೆ ಬರೆದಿದ್ದರು: "ಹೌದು" ಎಂಬುದರ ಹೊರತು ಮಾತಿಲ್ಲ, ಆದರೆ ಚರ್ಚಿನ ಕೀರ್ತನೆಗಳನ್ನು ಹಾಡುತ್ತಾನೆ. ಹಾಗಾಗಿ ಭಜನೆ ಹಾಡಿದರೆ ಮಾತು ಮರಳಿತು ಎಂದಲ್ಲ. ಮಾತಾಡದಿದ್ದರೆ ಹಠ ಎಂದೂ ಅಲ್ಲ. "ಸಿಟ್ಟಲ್ಲವಾ?" ಎಂದು ಅಕ್ಕ ಗಂಡನನ್ನೇ ಕೇಳಿದರು. ಅವರು ಜೋರಾಗಿ ತಲೆಯಾಡಿಸಿದರು: ಅಲ್ಲ.

ಹಾಡಿನ ಆ ದಾರಿಯನ್ನೇ ಮಾತಿಗೆ ಬಳಸುವ ಪದ್ಧತಿಯನ್ನು ಅಮೆರಿಕದ ಬೋಸ್ಟನ್ನಿನ ತಜ್ಞರು 1973ರಲ್ಲಿ ರೂಪಿಸಿದರು. ದಿನಬಳಕೆಯ ಸಣ್ಣ ವಾಕ್ಯವನ್ನು ಎರಡೇ ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ನಿಧಾನವಾಗಿ ರಾಗವೆಳೆದು ಹೇಳುವುದು. ಪ್ರತಿ ಅಕ್ಷರಕ್ಕೂ ಎಡಗೈಯಿಂದ ಮೇಜು ತಟ್ಟುವುದು. ಮೊದಲು ಜೊತೆಯಾಗಿ, ಆಮೇಲೆ ಒಬ್ಬರೇ, ಕೊನೆಗೆ ರಾಗವನ್ನು ಸಡಿಲಿಸಿ ಮಾತಿನ ಧಾಟಿಗೆ ಇಳಿಸುವುದು. ರಾಗಕ್ಕಿಂತ ತಾಳದ ಪಾಲೇ ದೊಡ್ಡದು ಎನ್ನುವ ಸಂಶೋಧಕರೂ ಇದ್ದಾರೆ. ಅಭ್ಯಾಸ ಮಾಡಿದ ವಾಕ್ಯಗಳು ಸುಧಾರಿಸುತ್ತವೆ, ಹೊಸ ಮಾತು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಸುಳ್ಳು ಆಸೆ ಕೊಡುವುದು ನನಗೆ ಒಗ್ಗದು.

ಇದನ್ನು ವಾಕ್ ಚಿಕಿತ್ಸಕರ ಮೇಲ್ವಿಚಾರಣೆಯಲ್ಲೇ ಮಾಡಬೇಕೆಂದು ಕಳುಹಿಸಿದೆ. ಒಂದು ಸಂಗತಿಗೆ ಮಾತ್ರ ಹಟ ಹಿಡಿದೆ: ಅಭ್ಯಾಸ ತುಳುವಿನಲ್ಲಿ ನಡೆಯಬೇಕು. ಅದುವರೆಗೆ ಅವರಿಗೆ ಕೊಟ್ಟಿದ್ದ ಪಾಠವೆಲ್ಲ ಕನ್ನಡದಲ್ಲಿತ್ತು. ಮನೆಯಲ್ಲಿ ಹುಟ್ಟಿನಿಂದ ಆಡಿದ್ದು ತುಳು. ನೀರು ಕೇಳಬೇಕಾದದ್ದೂ ತುಳುವಿನಲ್ಲೇ. "ಎಂಕ್ ನೀರ್ ಬೋಡು" ಮೊದಲ ವಾಕ್ಯವಾಯಿತು.

ಅಕ್ಕನಿಗೆ ಹೇಳಿದ್ದು: ಅವರ ಬದಲಿಗೆ ನೀವು ಉತ್ತರಿಸಬೇಡಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಟಿವಿ ಆರಿಸಿ. ಒಮ್ಮೆಗೆ ಒಂದೇ ಪ್ರಶ್ನೆ. ಬೆರಳಿನಿಂದ ತೋರಿಸಿದರೂ ಅದು ಮಾತೇ. ನೆಂಟರೆದುರು "ಹಾಡಿ ತೋರಿಸಿ" ಎನ್ನಬೇಡಿ. ವಾರಕ್ಕೆರಡು ಮಧ್ಯಾಹ್ನ ಮಗನನ್ನು ಕೂರಿಸಿ ತಂಗಿಯ ಮನೆಗೆ ಹೋಗಿ ಬನ್ನಿ. ಕೊನೆಯದನ್ನು ಒಪ್ಪಿಸಲು ಮೂರು ಭೇಟಿ ಬೇಕಾಯಿತು.

ಹತ್ತು ವಾರಗಳ ನಂತರ ಏಳು ವಾಕ್ಯಗಳು ಬಂದಿವೆ, ಎಲ್ಲವೂ ರಾಗದಲ್ಲೇ. ಎಂಟನೆಯದನ್ನು ಯಾರೂ ಕಲಿಸಿರಲಿಲ್ಲ. ತಂಗಿಯ ಮನೆಯಿಂದ ಅಕ್ಕ ಮರಳಿದ ಸಂಜೆ ಅಣ್ಣ ಪಕ್ಕದ ಕುರ್ಚಿಯನ್ನು ಎಡಗೈಯಲ್ಲಿ ತಟ್ಟಿ, ಅದೇ ಎರಡು ಸ್ವರದಲ್ಲಿ, "ಬಲ, ಕುಲ್ಲು" ಅಂದರಂತೆ. ಬಾ, ಕೂತುಕೋ. ರಾಗ ಸಡಿಲಿಸುವ ಹಂತ ಮುಂದಿನ ತಿಂಗಳಿನಿಂದ.