ಜೊಲ್ಲಿನ ಪರೀಕ್ಷೆಯಿಂದ ಮಗಳ ಓಟದ ಭವಿಷ್ಯ ತಿಳಿಯುವುದೇ?

ಪ್ರಶ್ನೆ: ಹನ್ನೊಂದು ವರ್ಷದ ನಮ್ಮ ಮಗಳು ಓಟದಲ್ಲಿ ಬಹಳ ಚುರುಕು. ನಮ್ಮಿಬ್ಬರ ಮನೆತನದಲ್ಲೂ ಕ್ರೀಡಾಪಟುಗಳಿಲ್ಲ. ಜೊಲ್ಲಿನ ಮಾದರಿಯಿಂದ ವಂಶವಾಹಿಗಳನ್ನು ನೋಡಿ ಮಗುವಿಗೆ ಒಗ್ಗುವ ಕ್ರೀಡೆಯನ್ನು ತಿಳಿಸುವ ಪರೀಕ್ಷೆಯಿದೆಯಂತೆ. ಅದನ್ನು ಮಾಡಿಸಿದ ಮೇಲೆಯೇ ತರಬೇತಿಗೆ ಸೇರಿಸುವುದು ಒಳ್ಳೆಯದೇ?

ಉತ್ತರ: ದಯವಿಟ್ಟು ಆ ಪರೀಕ್ಷೆಗಾಗಿ ಕಾಯಬೇಡಿ. ಇಂಥ ಪರೀಕ್ಷೆಗಳಲ್ಲಿ ಹೆಚ್ಚಾಗಿ ನೋಡುವುದು ಎಸಿಟಿಎನ್3 ಎಂಬ ವಂಶವಾಹಿಯನ್ನು. ವೇಗವಾಗಿ ಸಂಕುಚಿಸುವ ಸ್ನಾಯುತಂತುಗಳ ಒಂದು ಪ್ರೋಟೀನು ಅದರಿಂದ ತಯಾರಾಗುತ್ತದೆ. ಉನ್ನತ ಮಟ್ಟದ ವೇಗದ ಓಟಗಾರರಲ್ಲಿ ಈ ಪ್ರೋಟೀನು ಇಲ್ಲದವರು ತೀರ ವಿರಳವೆಂದು 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಕೊಂಡದ್ದು ನಿಜ. ಆದರೆ ಲೋಕದಲ್ಲಿ ಐವರಲ್ಲಿ ನಾಲ್ವರಿಗೆ ಅದು ಇದ್ದೇ ಇದೆ, ಅವರೆಲ್ಲ ಓಟಗಾರರಲ್ಲ.

ಒಂದೇ ವಂಶವಾಹಿ ದೊಡ್ಡ ಅನುಕೂಲ ಕೊಟ್ಟ ಉದಾಹರಣೆ ಇಲ್ಲವೆಂದಲ್ಲ. ಏಳು ಒಲಿಂಪಿಕ್ ಪದಕ ಗೆದ್ದ ಫಿನ್ಲೆಂಡಿನ ಸ್ಕೀಯಿಂಗ್ ಪಟು ಈರೊ ಮಾಂಟಿರಾಂಟಾ ಅವರ ದೇಹದಲ್ಲಿ ಹುಟ್ಟಿನಿಂದ ಬಂದ ಒಂದು ಮಾರ್ಪಾಟಿನ ಕಾರಣ ಕೆಂಪು ರಕ್ತಕಣಗಳು ಸಾಮಾನ್ಯರಿಗಿಂತ ಬಹಳ ಹೆಚ್ಚಾಗಿದ್ದವು. ಅದೇ ಮಾರ್ಪಾಟು ಅವರ ಅನೇಕ ಬಂಧುಗಳಲ್ಲೂ ಇತ್ತು, ಅವರೆಲ್ಲರೂ ಚಾಂಪಿಯನ್ನರಾಗಲಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಹೆರಿಟೇಜ್ ಎಂಬ ಅಧ್ಯಯನ. ಅಲ್ಲಿ ತಂದೆ, ತಾಯಿ, ಮಕ್ಕಳನ್ನು ಕುಟುಂಬಸಮೇತ ಸೇರಿಸಿಕೊಂಡು 20 ವಾರ ಒಂದೇ ಕ್ರಮದ ವ್ಯಾಯಾಮ ಮಾಡಿಸಿದಾಗ, ಕೆಲವರ ದೇಹ ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಇನ್ನು ಕೆಲವರದು ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ಏರಿತು. ಈ ವ್ಯತ್ಯಾಸದ ಅರ್ಧದಷ್ಟು ವಂಶದಿಂದಲೇ ಬಂದದ್ದೆಂದು ಅಂದಾಜಿಸಲಾಯಿತು. ಅಂದರೆ ತರಬೇತಿಗೆ ಒಗ್ಗುವ ಗುಣವೇ ಭಾಗಶಃ ಹುಟ್ಟಿನಿಂದ ಬರುತ್ತದೆ, ಆದರೆ ತರಬೇತಿ ನಡೆಯದ ಹೊರತು ಅದು ಹೊರಗೆ ಕಾಣುವುದೇ ಇಲ್ಲ. ನಿಮ್ಮ ಮನೆತನದಲ್ಲಿ ಕ್ರೀಡಾಪಟುಗಳಿಲ್ಲ ಎನ್ನುತ್ತೀರಿ. ಅವರಲ್ಲಿ ಎಷ್ಟು ಮಂದಿಗೆ ಓಡುವ ಅವಕಾಶ ಸಿಕ್ಕಿತ್ತು?

ಪರಿಸರದ ಬಲವನ್ನು ಕಣ್ಣಾರೆ ಕಾಣಬೇಕೆಂದರೆ ಟೆನಿಸ್ ಆಟಗಾರರ ತೋಳುಗಳನ್ನು ನೋಡಬೇಕು. ಎರಡು ತೋಳಿನಲ್ಲೂ ಇರುವುದು ಅವೇ ವಂಶವಾಹಿಗಳು, ಆದರೂ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪವಾಗಿ, ಗಟ್ಟಿಯಾಗಿ ಬೆಳೆದಿರುತ್ತದೆ. ಮೈನೆರೆಯುವ ಮುಂಚೆಯೇ ಆಟ ಆರಂಭಿಸಿದವರಲ್ಲಿ ಈ ಅಂತರ ಇನ್ನೂ ಹೆಚ್ಚು, ನಿಮ್ಮ ಮಗಳು ಈಗ ಅದೇ ವಯಸ್ಸಿನ ಆಸುಪಾಸಿನಲ್ಲಿದ್ದಾಳೆ.

ಓಟದ ಜೊತೆಗೆ ಜಿಗಿತ, ಚೆಂಡಾಟಗಳೂ ಇರಲಿ. ಊಟ, ನಿದ್ದೆಗೆ ಕೊರತೆಯಾಗದಿರಲಿ. ತಿಂಗಳಿಗೊಮ್ಮೆ ಅದೇ ದೂರವನ್ನು ಓಡಿಸಿ ಸಮಯವನ್ನು ಬರೆದಿಡಿ. ಪಕ್ಕದಲ್ಲಿ ಅವಳ ಎತ್ತರವನ್ನೂ ಬರೆಯಿರಿ, ಏಕೆಂದರೆ ಈ ವಯಸ್ಸಿನಲ್ಲಿ ಬೇಗ ಬೆಳೆದ ಮಗು ಕೆಲಕಾಲ ಎಲ್ಲರಿಗಿಂತ ಮುಂದಿರುವುದುಂಟು, ತಡವಾಗಿ ಬೆಳೆಯುವ ಮಗು ಹಿಂದುಳಿದಂತೆ ಕಾಣುವುದೂ ಉಂಟು.