ಹೆರಿಗೆ ಕ್ಲಾಸಿಗೆ ಹೋಗಬೇಕಾ ಎಂದು ಕೇಳಿದ ತಂಗಿಗೆ

ತಂಗೀ, ಬದಿಯಡ್ಕದಿಂದ ಇಂಗ್ಲೆಂಡಿಗೆ ಬಂದು ಸ್ವಲ್ಪವೇ ಸಮಯ ಆಗಿದೆ, ಈಗ ಬಸುರಿ, ನಾಲ್ಕು ತಿಂಗಳು ಎಂದು ಬರೆದಿದ್ದೀಯ. ಮಿಡ್‌ವೈಫ್, ಅಂದರೆ ಇಲ್ಲಿ ಬಸುರಿಯರನ್ನು ನೋಡಿಕೊಳ್ಳುವ ಸೂಲಗಿತ್ತಿ ನರ್ಸ್, ಹೆರಿಗೆಗೆ ತಯಾರಾಗಲು ಯಾವುದೋ ಕ್ಲಾಸ್ ಇದೆ ಎಂದರು, ಅಮ್ಮ ದಿನಾ ಫೋನಿನಲ್ಲಿ ಎಲ್ಲ ಹೇಳಿಕೊಡುವಾಗ ಅದು ಬೇಕಾ ಎಂದು ಕೇಳಿದ್ದೀಯ. ಬೇಕು. ಗಂಡನನ್ನೂ ಕರೆದುಕೊಂಡು ಹೋಗು.

ಊರಲ್ಲಾದರೆ ಬಸುರಿ ಎಂದು ಗೊತ್ತಾದ ಕೂಡಲೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಅಂಗನವಾಡಿಯಲ್ಲಿ ಹೆಸರು ಬರೆಸುತ್ತಾರೆ, ಕಾರ್ಡ್ ಮಾಡಿಸುತ್ತಾರೆ. ಹೋಗದಿದ್ದರೆ ಪುನಃ ಬಂದು ಕೇಳುತ್ತಾರೆ. ಇಲ್ಲಿ ಒಮ್ಮೆ ಹೇಳಿ ಒಂದು ಲಿಂಕ್ ಕಳಿಸುತ್ತಾರೆ, ಅಷ್ಟೇ. ಬುಕ್ ಮಾಡಬೇಕಾದವಳು ನೀನೇ. ನಮ್ಮವರು ಎಷ್ಟೋ ಜನ ತಪ್ಪಿಸಿಕೊಳ್ಳುವುದು ಇಲ್ಲಿಯೇ. ಅದು ಅಸಡ್ಡೆ ಅಲ್ಲ, ಯಾರೂ ಎರಡನೇ ಸಲ ಕರೆಯುವುದಿಲ್ಲ.

ಇನ್ನೊಂದು ಕಾರಣ ಸಂಕೋಚ. ಮಲಯಾಳದಲ್ಲಿ ಅಚ್ಚಾದ ಫಾರ್ಮ್ ಹಿಡಿದುಕೊಂಡು ಯಾರಾದರೂ ಓದಿ ಹೇಳಲಿ ಎಂದು ಪಂಚಾಯತ್ ಆಫೀಸಿನಲ್ಲಿ ಕಾದವರು ನಾವು ಕಾಸರಗೋಡಿನವರು. ಎಲ್ಲರೂ ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಕೋಣೆಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಮಿಡ್‌ವೈಫ್ ಭೇಟಿಗೆ ದುಭಾಷಿ ಬೇಕೆಂದರೆ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರಕಾರಿ ಆರೋಗ್ಯ ಸೇವೆ, ದುಡ್ಡು ತೆಗೆದುಕೊಳ್ಳದೆ ಕೊಡುತ್ತದೆ. ಕನ್ನಡ ಎಂದು ಬಾಯಿಬಿಟ್ಟು ಹೇಳಬೇಕು. ಗಂಡಸರ ಎದುರು ಇದನ್ನೆಲ್ಲ ಮಾತಾಡಲು ನಾಚಿಕೆಯಾದರೆ, ಹೆಂಗಸರಿಗೆ ಮಾತ್ರ ಎಂಬ ಗುಂಪು ನಿಮ್ಮ ಕಡೆ ಇದೆಯಾ ಎಂದೂ ವಿಚಾರಿಸು. ಕೆಲವು ಊರುಗಳಲ್ಲಿ ಇರುತ್ತದೆ.

ಅಮ್ಮ ಹೇಳುವುದು ಸುಳ್ಳಲ್ಲ. ಆದರೆ ಅಮ್ಮನಿಗೆ ಗೊತ್ತಿರುವುದು ಮಂಗಳೂರಿನ ಆಸ್ಪತ್ರೆ. ಅಲ್ಲಿ ಡಾಕ್ಟರು ಹೇಳಿದಂತೆ ನಡೆಯುತ್ತದೆ. ಇಲ್ಲಿ ತೊಂದರೆ ಇಲ್ಲದ ಹೆರಿಗೆ ಮಾಡಿಸುವುದು ಮಿಡ್‌ವೈಫ್. ನೋವು ಕಡಿಮೆಯಾಗಲು ಮೂತಿಗೆ ಹಿಡಿದು ಎಳೆದುಕೊಳ್ಳುವ ಗ್ಯಾಸ್ ಬೇಕಾ, ಬೆನ್ನಿಗೆ ಚುಚ್ಚಿ ಕೊಡುವ ಎಪಿಡ್ಯುರಲ್ ಬೇಕಾ ಎಂದು ನಿನ್ನನ್ನೇ ಕೇಳುತ್ತಾರೆ. ನೋವು ಶುರುವಾಯಿತು ಎಂದು ಓಡಿದರೆ, ಇನ್ನೂ ಹೊತ್ತಿದೆ, ಮನೆಗೆ ಹೋಗಿ ಎನ್ನುವುದೂ ಉಂಟು. ಅದು ಮೊದಲೇ ಗೊತ್ತಿಲ್ಲದಿದ್ದರೆ ನಮ್ಮನ್ನು ಹೊರಗೆ ಹಾಕಿದರು ಎಂದೇ ಅನಿಸುತ್ತದೆ, ಅಲ್ವಾ? ಸುಸೂತ್ರವಾಗಿ ಆದರೆ ಅದೇ ದಿನ ಅಥವಾ ಮಾರನೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಮಿಡ್‌ವೈಫ್ ಮನೆಗೆ ಬಂದು ನೋಡುತ್ತಾರೆ ನಿಜ, ಆದರೆ ಬಾಣಂತನ ಮಾಡುವವರು ಯಾರು? ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯಲು ದೊಡ್ಡಮ್ಮ ಇರುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಗಂಡನದು ಮಾತ್ರ. ಅದಕ್ಕೇ ಅವನೂ ಕಲಿಯಬೇಕು ಎನ್ನುವುದು. ಮತ್ತೆ, ಅದೇ ತಿಂಗಳು ಹೆರುವ ನಾಲ್ಕೈದು ಹೆಂಗಸರ ಪರಿಚಯ ಆಗುವುದು ಆ ಕೋಣೆಯಲ್ಲೇ. ಮಗು ರಾತ್ರಿಯಿಡೀ ಅಳುವಾಗ ಮೆಸೇಜ್ ಮಾಡಲು ಅವರು ಬೇಕಾಗುತ್ತಾರೆ. ನನಗೆ ಕೇಳಿದರೆ, ಕ್ಲಾಸಿನಲ್ಲಿ ಹೇಳಿಕೊಡುವುದಕ್ಕಿಂತ ಇದೇ ಜಾಸ್ತಿ ಉಪಯೋಗ.

ದುಡ್ಡಿನ ಚಿಂತೆ ಬೇಡ. ಎನ್‌ಎಚ್‌ಎಸ್ ನಡೆಸುವ ಕ್ಲಾಸಿಗೆ ಫೀಸಿಲ್ಲ. 1956ರಲ್ಲಿ ಶುರುವಾದ ಎನ್‌ಸಿಟಿ ಎಂಬ ಸಂಸ್ಥೆಯ ಕ್ಲಾಸಿಗೆ ಫೀಸು ಇದೆ, ಆದಾಯ ಕಡಿಮೆ ಇರುವವರಿಗೆ ರಿಯಾಯಿತಿಯೂ ಇದೆ. ಸಾಮಾನ್ಯವಾಗಿ ಹೆರಿಗೆಗೆ 8ರಿಂದ 10 ವಾರ ಇರುವಾಗ ಕ್ಲಾಸ್ ಶುರು. ಸೀಟು ಬೇಗ ತುಂಬುತ್ತದೆ. ಎರಡನೇ ಮಗುವಿಗೆ ಎನ್‌ಎಚ್‌ಎಸ್‌ನವರು ತಾವಾಗಿ ಕರೆಯುವುದು ಕಡಿಮೆ, ಹಾಗಾಗಿ ಈ ಸಲವೇ ಹೋಗಿಬಿಡು.

ನೀನು ಕೆಲಸಕ್ಕೆ ಹೋಗುವವಳಾದರೆ, ಮಿಡ್‌ವೈಫ್ ಶಿಫಾರಸು ಮಾಡಿದ ಕ್ಲಾಸಿಗೆ ಸಂಬಳ ಕಡಿಯದೆ ಬಿಡುವು ಕೊಡಬೇಕು ಎಂದು ಇಲ್ಲಿ ಕಾನೂನಿದೆ. ಗಂಡನಿಗೆ ಎರಡು ತಪಾಸಣೆಗೆ ನಿನ್ನ ಜೊತೆ ಬರಲು, ಒಂದಕ್ಕೆ ಆರೂವರೆ ಗಂಟೆಯವರೆಗೆ, ಬಿಡುವು ಕೇಳುವ ಹಕ್ಕಿದೆ, ಸಂಬಳ ಮಾತ್ರ ಇಲ್ಲ. ಅವರದು ಗೋದಾಮಿನಲ್ಲಿ ರಾತ್ರಿ ಶಿಫ್ಟ್ ಎಂದೆಯಲ್ಲ, ಶನಿವಾರದ ಕ್ಲಾಸ್ ಇದೆಯಾ ಎಂದು ಮುಂದಿನ ಭೇಟಿಯಲ್ಲೇ ಕೇಳು. ತಾರೀಕು ಸಿಕ್ಕಿದ ದಿನವೇ ಅವರು ಸೂಪರ್‌ವೈಸರಿಗೆ ಬರೆದು ತಿಳಿಸಲಿ.