ತಮ್ಮನ ಮನೆಯಲ್ಲಿ ಕನ್ನಡಿ ಇಲ್ಲ

ಸಿಂಧನೂರು ತಾಲ್ಲೂಕಿನಿಂದ ಅಕ್ಕ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಗೊಬ್ಬರದ ಅಂಗಡಿಯಲ್ಲಿ ದುಡಿಯುವ ಅವರ ತಮ್ಮ ಎರಡು ವರ್ಷದ ಹಿಂದೆ ಒಂದು ಹೊಸ ಪಂಥ ಸೇರಿದ. ಹೆಸರು ಬದಲಿಸಿಕೊಂಡ. ನೀಲಿ ಪಂಚೆ ಬಿಟ್ಟು ಬೇರೆ ಉಡುವುದಿಲ್ಲ. ಮನೆಯ ಕನ್ನಡಿಗಳನ್ನೆಲ್ಲ ತೆಗೆಸಿದ. ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ನಿಂತು ಸೂರ್ಯನನ್ನೇ ದಿಟ್ಟಿಸುತ್ತಾನೆ. ಊರವರು ನಗುತ್ತಾರೆ. ಕೊನೆಗೆ ಎರಡು ಸಾಲು ಇವೆ: ಎರಡು ಎಕರೆ ಗದ್ದೆಯಲ್ಲಿ ತನ್ನ ಪಾಲನ್ನು ಪಂಥಕ್ಕೆ ಬರೆದುಕೊಡುತ್ತಾನಂತೆ. ಅವ್ವನಿಗೆ ಸಕ್ಕರೆ ಕಾಯಿಲೆ ಮಾತ್ರೆ ಬೇಡ ಅನ್ನುತ್ತಾನಂತೆ. "ಇದು ಅಪಾಯವೋ, ಬರೀ ವಿಚಿತ್ರವೋ? ನಮ್ಮ ಮನೆಯವರು ಪೊಲೀಸರಿಗೆ ಹೇಳೋಣ ಅಂತಾರೆ. ನೀವೇ ಹೇಳಿ."

ಅಕ್ಕ, ನಿಮ್ಮ ಪತ್ರದಲ್ಲಿ ಕನ್ನಡಿಗೆ ಒಂದಿಡೀ ಪುಟ ಹೋಗಿದೆ. ಮಾತ್ರೆಗೆ ಒಂದೇ ಸಾಲು. ನನ್ನ ನಿದ್ದೆ ಕೆಡಿಸಿದ್ದು ಆ ಒಂದು ಸಾಲು. ಕನ್ನಡಿ, ಪಂಚೆ, ಹೆಸರು ವಿಚಿತ್ರ, ಅಷ್ಟೇ. ಮಾತ್ರೆ ಮತ್ತು ಗದ್ದೆ ಹಾಗಲ್ಲ.

ದೂರದ ಊರಿನವರನ್ನು ಮುದಗಲ್ಲಿನ ಮೊಹರಂಗೆ ಕರೆದುಕೊಂಡು ಬನ್ನಿ. ಹಿಂದೂ ಮನೆಯವರು ಹರಕೆ ಹೊತ್ತು ಫಕೀರರಾಗುತ್ತಾರೆ, ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ, ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಬಂದವರು ಕಣ್ಣು ಬಿಟ್ಟು ನೋಡುತ್ತಾರೆ. ನಮಗೆ ಅದು ಹಬ್ಬ. 12ನೇ ಶತಮಾನದಲ್ಲಿ ಶರಣರು ಮೈಮೇಲೆ ಲಿಂಗ ಕಟ್ಟಿಕೊಂಡು, ಗುಡಿ ಬೇಡ, ಜಾತಿ ಬೇಡ ಅಂದಾಗ ಕಲ್ಯಾಣದ ಜನಕ್ಕೂ ವಿಚಿತ್ರವೇ ಅನಿಸಿರಬೇಕು, ಅಲ್ವಾ?

ಇದೇ ನೆಲದ ಇನ್ನೊಂದು ಸಂಗತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಅರಿಶಿನ ಹಚ್ಚಿದರು, ಹಸಿರು ಬಳೆ ತೊಡಿಸಿದರು, ಊಟ ಹಾಕಿಸಿದರು. ನಿನಗೆ ಒಪ್ಪಿಗೆಯಾ ಅಂತ ಆ ಮಗುವನ್ನು ಕೇಳಲಿಲ್ಲ. ದೊಡ್ಡವಳಾದ ಮೇಲೆ ಒಲ್ಲೆ ಅಂದರೆ ಹೊರಬರುವ ದಾರಿ ಇರಲಿಲ್ಲ. 1982ರಲ್ಲಿ ರಾಜ್ಯ ಕಾನೂನು ತಂದು ದೇವದಾಸಿ ಪದ್ಧತಿಯನ್ನು ನಿಷೇಧಿಸಬೇಕಾಯಿತು. ಆ ತಾಯಂದಿರು ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರನ್ನು ಮಾತಾಡಿಸಿದ ಮೇಲೆ ನಾನು ಯಾವ ಪಂಥದ ಬಗ್ಗೆಯೂ ಮೊದಲು ಕೇಳುವುದು ಒಂದೇ: ಅಲ್ಲಿ ಒಲ್ಲೆ ಅಂದವರ ಗತಿ ಏನು?

ಜಪಾನಿನ ಓಂ ಶಿನ್ರಿಕ್ಯೊ ಪಂಥ 1984ರಲ್ಲಿ ಟೋಕಿಯೊದ ಒಂದು ಯೋಗ ತರಗತಿಯಾಗಿ ಶುರುವಾಯಿತು. 1990ರ ಚುನಾವಣೆಗೆ ಪಂಥದ 25 ಜನ ನಿಂತರು. ಗುರು ಅಸಹರನ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಹಾಡಿ ಕುಣಿದರು. ಜನ ನಕ್ಕರು. ಒಬ್ಬರೂ ಗೆಲ್ಲಲಿಲ್ಲ. ಆದರೆ ಅದಕ್ಕೂ ಮೊದಲು, 1989ರ ನವೆಂಬರಿನಲ್ಲೇ, ಪಂಥ ಸೇರಿದವರ ಮನೆಯವರ ಪರವಾಗಿ ಹೋರಾಡುತ್ತಿದ್ದ ವಕೀಲ ಸಕಾಮೊಟೊ, ಅವರ ಹೆಂಡತಿ, ಪುಟ್ಟ ಮಗು, ಮೂವರೂ ಮನೆಯಿಂದ ಕಾಣೆಯಾಗಿದ್ದರು. ಅವರ ಶವ ಸಿಕ್ಕಿದ್ದು 1995ರಲ್ಲಿ. ಅದೇ ವರ್ಷ ಮಾರ್ಚ್ 20ರಂದು ಪಂಥದವರು ಟೋಕಿಯೊದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲ ಬಿಟ್ಟಿದ್ದರು. ಮುಖವಾಡ ಎಲ್ಲರ ಕಣ್ಣಿಗೂ ಬಿದ್ದಿತ್ತು.

ಕೀನ್ಯಾದ ಶಕಹೋಲಾ ಕಾಡಿನಲ್ಲಿ 2023ರಲ್ಲಿ 400ಕ್ಕೂ ಜಾಸ್ತಿ ಶವಗಳನ್ನು ಅಗೆದು ತೆಗೆದರು. ಉಪವಾಸ ಬಿದ್ದು ಸತ್ತರೆ ಏಸುವನ್ನು ಕಾಣಬಹುದು ಅಂತ ಬೋಧಿಸಿದ ಆರೋಪ ಪಾದ್ರಿ ಪಾಲ್ ಮೆಕೆಂಜಿಯ ಮೇಲಿದೆ. ಅದು ಅನ್ನ ಬಿಡುವುದರಿಂದ ಶುರುವಾಗಲಿಲ್ಲ. ಮಕ್ಕಳಿಗೆ ಶಾಲೆ ಬೇಡ, ಕಾಯಿಲೆಗೆ ಆಸ್ಪತ್ರೆ ಬೇಡ ಅನ್ನುವ ಬೋಧನೆ ವರ್ಷಗಳ ಹಿಂದೆಯೇ ನಡೆದಿತ್ತು. ನಿಮ್ಮ ತಮ್ಮನ ಬಳಗ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಹೆದರಿಸುವುದೂ ತಪ್ಪು. ಮಾತ್ರೆಯ ಆ ಸಾಲು ನನ್ನನ್ನು ಯಾಕೆ ಕಾಡಿತು ಅಂತ ನಿಮಗೆ ತಿಳಿಯಬೇಕು, ಅದಕ್ಕೆ ಹೇಳಿದೆ.

ಅದಕ್ಕೆ ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಸೋದರಮಾವ ಒಬ್ಬ ಬಾಬಾನ ಬಳಗ ಸೇರಿದ್ದರು. ಕೊರಳಲ್ಲಿ ದಪ್ಪ ಕಪ್ಪು ಹಗ್ಗ, ಮಾತಿಗೊಮ್ಮೆ ಮಂತ್ರ. ತಂಗಿಯ ಮದುವೆಯಲ್ಲಿ ನಾವೆಲ್ಲ ಅವರನ್ನು ಆಡಿಕೊಂಡೆವು. ನಾನೂ ಆಡಿಕೊಂಡೆ. ಆಮೇಲೆ ಅವರು ಯಾರ ಮನೆಗೂ ಬರಲಿಲ್ಲ, ನಾವೂ ಹೋಗಲಿಲ್ಲ. ಒಂಬತ್ತು ತಿಂಗಳಾದ ಮೇಲೆ ಅತ್ತೆ ಫೋನ್ ಮಾಡಿದರು. ಹೋಗಿ ನೋಡಿದರೆ ಮಾವನ ಬಲಗಾಲಿನ ಹೆಬ್ಬೆರಳು ಕಪ್ಪಗಾಗಿತ್ತು. ಮೇಲೆ ವಿಭೂತಿ ಮೆತ್ತಿತ್ತು. ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ. ತೆಗೆದರೆ ಸಕ್ಕರೆ ಕಾಯಿಲೆಯ ಮಾತ್ರೆ ಪಟ್ಟಿಗಳು, ತಿಂಗಳಿಗೊಂದರಂತೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ಒಂದು ಗುಳಿಗೆಯೂ ಖಾಲಿಯಾಗಿರಲಿಲ್ಲ. ಅತ್ತೆ ತಂದುಕೊಟ್ಟಿದ್ದನ್ನೆಲ್ಲ ಅವರು ಹಾಗೇ ಎತ್ತಿಟ್ಟಿದ್ದರು. ನೋವಿರಲಿಲ್ವಾ ಮಾವ ಅಂದರೆ, ಇಲ್ಲ ಅಂದರು. ಸಕ್ಕರೆ ಜಾಸ್ತಿಯಾಗಿ ಪಾದದ ನರ ಸತ್ತರೆ ಗಾಯ ನೋಯುವುದೇ ಇಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮಾತ್ರೆ ಬಿಡು ಅಂದ ಆ ಬಾಬಾನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆದರೆ ನಾವು ಹೋಗಿ ಬಂದು ಮಾಡಿದ್ದರೆ ಆ ಬೆರಳು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತು.

ಹಾಗಾಗಿ ಮೊದಲು ಅವ್ವ. ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳು ಸಕ್ಕರೆ ಹೇಗಿತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ. ಪಾದ ನೀವೇ ತೊಳೆದು, ಬೆರಳ ಸಂದು ಬಿಡಿಸಿ ನೋಡಿ. ಮಾತ್ರೆ ನಿಮ್ಮ ಕೈಯಿಂದಲೇ ಕೊಡಿ.

ಗದ್ದೆ ತಾತನ ಕಾಲದ್ದು, ಇನ್ನೂ ಭಾಗವಾಗಿಲ್ಲ ಅಂದಿದ್ದೀರಿ. ಭಾಗವಾಗದ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬನೇ ದಾನ ಕೊಡಲು ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ನೀವೂ ಪಾಲುದಾರರು. ಪಹಣಿ ತೆಗೆಸಿಕೊಂಡು ಒಬ್ಬ ವಕೀಲರನ್ನು ಕಾಣಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಕಸ್ಮಾತ್ ದಾನಪತ್ರ ಆಗಿಹೋದರೂ ದಾರಿ ಮುಚ್ಚುವುದಿಲ್ಲ. ಪರಲೋಕದ ಆಸೆಗೆ ಗುರುವಿಗೆ ಆಸ್ತಿ ಬರೆದುಕೊಟ್ಟ ಮುದುಕರೊಬ್ಬರ ಪತ್ರವನ್ನು ಅಲಹಾಬಾದ್ ಹೈಕೋರ್ಟ್ 1890ರಷ್ಟು ಹಿಂದೆಯೇ ರದ್ದು ಮಾಡಿದೆ.

ಪೊಲೀಸರ ಮಾತು. ಬಟ್ಟೆಗೋ ಹೆಸರಿಗೋ ಕೇಸಾಗುವುದಿಲ್ಲ, ಆಗಲೂಬಾರದು. ತನಗೆ ಬೇಕಾದ ಧರ್ಮ ಪಾಲಿಸಲು ಬಿಡುವ ಸಂವಿಧಾನದ 25ನೇ ವಿಧಿ ನಿಮ್ಮ ತಮ್ಮನಿಗೂ ಇದೆ. 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ ಕೂಡ ಕೆಲವು ಕೃತ್ಯಗಳನ್ನು ತಡೆಯುತ್ತದೆ, ನಂಬಿಕೆಯನ್ನಲ್ಲ. ಯಾರನ್ನಾದರೂ ಕೂಡಿಹಾಕಿದರೆ, ಹೊಡೆದರೆ, ಬಿಟ್ಟು ಹೋದವರನ್ನು ಬೆದರಿಸಿದರೆ ಒಂದು ದಿನವೂ ತಡಮಾಡದೆ ಠಾಣೆಗೆ ಹೋಗಿ. ಈಗಲೇ ಹೋದರೆ ತಮ್ಮ ನಿಮ್ಮ ಕೈ ತಪ್ಪುತ್ತಾನೆ.

ಭಾನುವಾರ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಅವನ ಮನೆಗೆ ಹೋಗಿ. ಅವನು ಇಟ್ಟುಕೊಂಡ ಹೊಸ ಹೆಸರಿನಿಂದಲೇ ಕರೆಯಿರಿ. ಕನ್ನಡಿಯ ಸುದ್ದಿ ಎತ್ತಬೇಡಿ. ಬೆಳಿಗ್ಗೆ ಅವನ ಜೊತೆ ಕಾಲುವೆ ದಂಡೆಗೂ ಹೋಗಿ ಬನ್ನಿ. ಸೂರ್ಯನನ್ನು ನೆಟ್ಟ ನೋಟದಲ್ಲಿ ನೋಡಿದರೆ ಕಣ್ಣಿನ ಒಳಪರದೆ ಸುಡುತ್ತದೆ, ಸುಡುವಾಗ ನೋವೇ ಆಗುವುದಿಲ್ಲ ಅನ್ನುವುದನ್ನು ಮಾತ್ರ ಮೆಲ್ಲಗೆ ಹೇಳಿ. ಊಟ ಆದ ಮೇಲೆ ಒಂದು ಮಾತು ಕೇಳಿ: ನಿಮ್ಮ ಬಳಗ ಬಿಟ್ಟು ಹೋದವರು ಯಾರಾದರೂ ಇದ್ದಾರಾ? ಅವರು ದಾರಿಯಲ್ಲಿ ಸಿಕ್ಕರೆ ಮಾತಾಡ್ತೀಯಾ?

ಅವನು ಏನಂದ ಅಂತ ನನಗೆ ಬರೆಯಿರಿ, ಅಕ್ಕ. ಅವ್ವನ ರಿಪೋರ್ಟ್ ಬಂದ ಮೇಲೆ ಅದನ್ನೂ.